ಚಕ್ಕೋತದ ಬೀಜದ ದಾರಿ ಬೇರೆ, ಕಿತ್ತಳೆ ಬೀಜದ ದಾರಿ ಬೇರೆ

ಸಂಪಾದಕರಿಗೆ,

ಮಾನ್ಯರೇ,

‘ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನು ಬೀಜದಿಂದ ಬೆಳೆಸಬೇಡಿ, ತಾಯಿಮರದ ಗುಣ ಬರುವುದಿಲ್ಲ, ಕಸಿ ಗಿಡವನ್ನೇ ತನ್ನಿ’ ಎಂಬ ಉತ್ತರ ಕೃಷಿ ಪುಟಗಳ ಪ್ರಶ್ನೋತ್ತರದಲ್ಲಿ ಆಗಾಗ ಕಾಣುತ್ತದೆ. ನರ್ಸರಿಯವರೂ ಇದನ್ನೇ ಹೇಳುತ್ತಾರೆ. ಸೀಬೆ, ಸಪೋಟಕ್ಕೆ ಒಪ್ಪುವ ಈ ಮಾತನ್ನು ನಿಂಬೆಯ ಇಡೀ ಕುಲಕ್ಕೆ ಅಂಟಿಸಿದ್ದರಿಂದ ಎರಡು ಬಗೆಯ ನಷ್ಟವಾಗುತ್ತಿದೆ. ತಾಯಿಯಂತೆಯೇ ಹುಟ್ಟುವ ಬೀಜಗಳನ್ನು ಜನ ತಿಪ್ಪೆಗೆ ಎಸೆಯುತ್ತಾರೆ. ಎಂದೂ ತಾಯಿಯಂತೆ ಹುಟ್ಟದ ಬೀಜವನ್ನು ನೆಟ್ಟು, ಹತ್ತು ವರ್ಷ ಕಾದು, ಹಣ್ಣು ಬೇರೆಯಾಯಿತೆಂದು ಮರ ಕಡಿಯುತ್ತಾರೆ. ಯಾವ ಹಣ್ಣಿನ ಬೀಜ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಮೊದಲೇ ತಿಳಿಯಬಹುದು. ಅದಕ್ಕೆ ಪ್ರಯೋಗಾಲಯ ಬೇಡ, ಉಗುರು ಸಾಕು.

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ನಿಂಬೆ ತೋಟಗಳನ್ನೇ ನೋಡಿ. ಅಲ್ಲಿನ ಕಾಗ್ಜಿ ನಿಂಬೆ ಹೆಚ್ಚಾಗಿ ಬೀಜದ ಸಸಿಯಿಂದಲೇ ಬೆಳೆದದ್ದು. ಕೊಡಗಿನ ಕಾಫಿ ತೋಟಗಳ ನಡುವೆ ನಿಂತಿದ್ದ ಹಳೆಯ ಕಿತ್ತಳೆ ಮರಗಳೂ ಬಹುಪಾಲು ಬೀಜದ ಮರಗಳೇ. ಬೀಜದಿಂದ ಗುಣ ಕೆಡುತ್ತಿದ್ದರೆ ಕೊಡಗಿನ ಕಿತ್ತಳೆ ಎಂಬ ಹೆಸರೇ ಉಳಿಯುತ್ತಿರಲಿಲ್ಲ.

ಇದರ ಗುಟ್ಟು ಬೀಜದೊಳಗಿದೆ. ಸಾಮಾನ್ಯ ಬೀಜದಲ್ಲಿ ಒಂದು ಭ್ರೂಣವಿರುತ್ತದೆ, ಅದು ಗಂಡು ಹೆಣ್ಣಿನ ಕೂಡಿಕೆಯಿಂದ ಬಂದದ್ದು. ಕಿತ್ತಳೆ, ಮೂಸಂಬಿ, ಕಾಗ್ಜಿ ನಿಂಬೆ, ರಂಗಪುರ ನಿಂಬೆ, ಜಂಬೀರಿ ಇವುಗಳ ಬೀಜದಲ್ಲಿ ಆ ಒಂದರ ಜೊತೆಗೆ ತಾಯಿಯ ಅಂಗಾಂಶದಿಂದಲೇ ಎದ್ದ ಬೇರೆ ಭ್ರೂಣಗಳೂ ಇರುತ್ತವೆ. ಇವಕ್ಕೆ ತಂದೆಯ ಪಾಲು ಇಲ್ಲ, ತಾಯಿಮರದ ಪಡಿಯಚ್ಚು. ಒಂದು ಕಿತ್ತಳೆ ಬೀಜ ಬಿತ್ತಿದರೆ ಎರಡು ಮೂರು ಸಸಿ ಏಳುವುದು ಇದೇ ಕಾರಣಕ್ಕೆ. ಹಾಲೆಂಡಿನ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ 1719ರಲ್ಲೇ ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಕಂಡು ಬರೆದಿದ್ದ. ಚಕ್ಕೋತ, ಮಾದಲ, ಹೊರದೇಶದಿಂದ ಬರುವ ಕ್ಲೆಮೆಂಟೈನ್ ಕಿತ್ತಳೆ ಇವುಗಳಲ್ಲಿ ಮಾತ್ರ ಬೀಜಕ್ಕೊಂದೇ ಭ್ರೂಣ. ಅಲ್ಲಿ ಹುಟ್ಟುವ ಪ್ರತಿ ಸಸಿಗೂ ತಂದೆ ಇದ್ದಾನೆ.

ಚಕ್ಕೋತದ ವಿಷಯದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಅದು ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಹಾಗಾಗಿ ಹಿತ್ತಿಲಲ್ಲಿ ಒಂಟಿ ಚಕ್ಕೋತದ ಮರವಿದ್ದು ಸುತ್ತ ಕಿತ್ತಳೆಯೋ ಗಜನಿಂಬೆಯೋ ಇದ್ದರೆ, ಆ ಚಕ್ಕೋತದಲ್ಲಿ ಸಿಗುವ ಗಟ್ಟಿ ಬೀಜಗಳೆಲ್ಲ ಮಿಶ್ರತಳಿಗಳೇ. ದೇವನಹಳ್ಳಿ ಚಕ್ಕೋತದ ಬೀಜ ತಂದು ನೆಟ್ಟೆವು, ಆ ಕೆಂಪು ತೊಳೆ ಬರಲಿಲ್ಲ ಎಂದು ಹೇಳುವವರು ಮೋಸ ಹೋದದ್ದಲ್ಲ. ಭೌಗೋಳಿಕ ಸೂಚಕ ಪಡೆದ ಆ ತಳಿ ಹಾಗೆಯೇ ಬೇಕೆಂದರೆ ಗೂಟಿ ಕಟ್ಟಬೇಕು (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಬೇಕು), ಇಲ್ಲವೇ ಕಣ್ಣು ಕಸಿ ಮಾಡಬೇಕು. ಬೀಜದ ದಾರಿ ಇಲ್ಲ. ಆದರೆ ಹೊಸ ಹಣ್ಣು ಬೇಕೆನ್ನುವವರಿಗೆ ಚಕ್ಕೋತದಷ್ಟು ಒಳ್ಳೆಯ ತಾಯಿ ಇನ್ನೊಂದಿಲ್ಲ. ಇಂದು ಲೋಕವೆಲ್ಲ ತಿನ್ನುವ ಗ್ರೇಪ್‌ಫ್ರೂಟ್ ಹುಟ್ಟಿದ್ದು ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ, ಚಕ್ಕೋತ ಮತ್ತು ಸಿಹಿ ಕಿತ್ತಳೆ ತಾವಾಗಿಯೇ ಕೂಡಿ.

ಮಾದಲದ ಕಥೆ ಬೇರೆ. ಒಂದೇ ಭ್ರೂಣದ್ದಾದರೂ ಅದು ತಲೆಮಾರುಗಳಿಂದ ತನ್ನದೇ ಪರಾಗದಲ್ಲಿ ಬೀಜ ಕಟ್ಟುತ್ತಾ ಬಂದಿರುವುದರಿಂದ ಒಳಗೆ ವೈವಿಧ್ಯ ಬಹಳ ಕಡಿಮೆ. ಮಾದಲದ ಬೀಜದ ಸಸಿ ತಾಯಿಗೆ ಹತ್ತಿರವೇ ಬರುತ್ತದೆ. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗ ಇದೇ ಹಣ್ಣು. ಲೆಮನ್ ಎಂದು ನಾವು ಕರೆಯುವ ದಪ್ಪ ನಿಂಬೆ, ಕಾಗ್ಜಿ ನಿಂಬೆ, ರಂಗಪುರ ನಿಂಬೆ, ಜಂಬೀರಿ ಇಷ್ಟಕ್ಕೂ ಒಂದು ಕಡೆಯ ಹಿರಿಯ ಮಾದಲವೇ.

ಇನ್ನು ಹೇರಳೆ, ಕಂಚಿ, ಗಜನಿಂಬೆ, ದೊಡ್ಲಿ, ಕೊಡಗಿನ ಕೈಪುಳಿ. ಒಂದೂರಿನ ಹೇರಳೆ ಇನ್ನೊಂದೂರಿನಲ್ಲಿ ಕಂಚಿ. ಹೆಸರು ನಂಬಿ ಬೀಜದ ಗುಣ ಹೇಳಲಾಗದು. ಬೀಜವನ್ನೇ ಕೇಳಬೇಕು. ಹಣ್ಣಿನಿಂದ ಹತ್ತು ಗಟ್ಟಿ ಬೀಜ ತೆಗೆದು, ರಾತ್ರಿಯಿಡೀ ನೀರಿನಲ್ಲಿಟ್ಟು, ಬೆಳಗ್ಗೆ ಹೊರಗಿನ ಬಿಳಿ ಸಿಪ್ಪೆಯನ್ನೂ ಒಳಗಿನ ಕಂದು ಪೊರೆಯನ್ನೂ ಉಗುರಿನಿಂದ ಸುಲಿಯಿರಿ. ಅವರೆಬೇಳೆಯಂತೆ ಎರಡು ಸಮ ಹೋಳಾಗಿ ನೀಟಾಗಿ ಬಿಚ್ಚಿಕೊಂಡರೆ ಒಂದೇ ಭ್ರೂಣ. ಚಿಕ್ಕದು ದೊಡ್ಡದು ಸೊಟ್ಟದು ಎಂದು ನಾಲ್ಕಾರು ತುಣುಕು ಒಂದರ ಮೈಮೇಲೊಂದು ಒತ್ತಿಕೊಂಡಿದ್ದರೆ ಹಲವು ಭ್ರೂಣ. ಹತ್ತರಲ್ಲಿ ಎಂಟೊಂಬತ್ತು ಹೀಗೆ ತುಣುಕಾದರೆ ಆ ಮರದ ಬೀಜ ನೆಟ್ಟರೆ ಬಹುಪಾಲು ಅದೇ ಮರ ಬರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಹತ್ತು ನಿಮಿಷದ ಈ ಕೆಲಸ ಹತ್ತು ವರ್ಷದ ಕಾಯುವಿಕೆಯನ್ನು ಉಳಿಸುತ್ತದೆ.

ಹೀಗೆ ತುಣುಕಾಗುವ ಬೀಜಕ್ಕೆ ಕಸಿಗೂ ಇಲ್ಲದ ಒಂದು ಶಕ್ತಿಯಿದೆ. ನಿಂಬೆ ಜಾತಿಯ ಮರಗಳನ್ನು ಸೊರಗಿಸುವ ಟ್ರಿಸ್ಟೆಝಾ ವೈರಸ್ ಕಸಿಕಡ್ಡಿಯ ಮೂಲಕ ಹೊಸ ಗಿಡಕ್ಕೆ ದಾಟುತ್ತದೆ, ಬೀಜದ ಮೂಲಕ ದಾಟುವುದಿಲ್ಲ. ರೋಗ ಹಿಡಿದು ಸೊರಗಿರುವ ಅಜ್ಜಿಯ ಕಾಲದ ಹೇರಳೆ ಮರದಿಂದ ಕಡ್ಡಿ ತಂದು ಕಸಿ ಕಟ್ಟಿದರೆ ರೋಗವನ್ನೂ ಕಟ್ಟಿದಂತೆ. ಅದೇ ಮರದ ಬೀಜದಿಂದ ಎದ್ದ ಪಡಿಯಚ್ಚಿನ ಸಸಿ ಅದೇ ಮರ, ರೋಗವಿಲ್ಲದ ಹೊಸ ಹುಟ್ಟು. ಮುಂದೆ ಕಪ್ಪು ಹೇನು ಕೂತರೆ ಅದಕ್ಕೂ ವೈರಸ್ ತಗಲೀತು, ಆ ಮಾತು ಬೇರೆ. ಮೇಘಾಲಯದ ಗಾರೋ ಬೆಟ್ಟಗಳ ನೋಕ್ರೆಕ್‌ನಲ್ಲಿ ಕಾಡು ಕಿತ್ತಳೆಗೆಂದೇ ಒಂದು ರಕ್ಷಿತ ತಾಣವಿದೆ. ನಮ್ಮ ಹೇರಳೆ, ಕಂಚಿಗೆ ಇರುವ ರಕ್ಷಣೆ ಹಿತ್ತಿಲುಗಳದ್ದು ಮಾತ್ರ. ಮನೆ ಒಡೆದು ಕಟ್ಟುವಾಗ ಮೊದಲು ಹೋಗುವುದೂ ಅದೇ ಹಿತ್ತಿಲು.

ಬಿತ್ತುವ ವಿಧಾನಕ್ಕೆ ಬರೋಣ. ಇಲ್ಲಿ ಬಹುತೇಕರು ಎಡವುವುದು ಮೊದಲ ಹೆಜ್ಜೆಯಲ್ಲೇ: ಬೀಜವನ್ನು ಬಿಸಿಲಿನಲ್ಲಿ ಒಣಗಿಸಿ ಪೊಟ್ಟಣ ಕಟ್ಟಿಡುತ್ತಾರೆ. ನಿಂಬೆ ಜಾತಿಯ ಬೀಜ ರಾಗಿ, ಅವರೆಯಂತಲ್ಲ. ಪೂರ್ತಿ ಒಣಗಿದರೆ ಸತ್ತಿತು. ಮರದಲ್ಲೇ ಪೂರ್ತಿ ಹಣ್ಣಾದ, ನೆಲಕ್ಕೆ ಬೀಳದ ಹಣ್ಣನ್ನು ಆರಿಸಿ. ಬಿದ್ದ ಹಣ್ಣಿಗೆ ಮಣ್ಣಿನ ಫೈಟಾಫ್ತೊರಾ ಶಿಲೀಂಧ್ರ ಹತ್ತಿರುವ ಸಂಭವ ಹೆಚ್ಚು. ಹಣ್ಣು ಕೊಯ್ಯುವಾಗ ಚಾಕುವನ್ನು ಸುತ್ತ ಅರ್ಧ ಇಂಚು ಆಳಕ್ಕೆ ಮಾತ್ರ ಇಳಿಸಿ, ಎರಡೂ ಕೈಯಿಂದ ತಿರುಚಿ ಬಿಡಿಸಿದರೆ ಬೀಜಕ್ಕೆ ಗಾಯವಾಗದು. ಬೀಜದ ಮೇಲಿನ ಲೋಳೆಯನ್ನು ಒರಟು ಬಟ್ಟೆಯಲ್ಲಿ ಉಜ್ಜಿ ತೊಳೆಯಿರಿ. ಲೋಳೆ ಉಳಿದರೆ ಬೂಷ್ಟು ಖಚಿತ. ನೀರಿನಲ್ಲಿ ತೇಲುವ ಬೀಜ ಎಸೆಯಿರಿ.

ಶಿಲೀಂಧ್ರದ ಭಯವಿದ್ದರೆ ಬಿಸಿನೀರಿನ ಉಪಚಾರ ಮಾಡಬಹುದು. 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸರಿಯಾಗಿ 10 ನಿಮಿಷ, ಕೂಡಲೇ ತಣ್ಣೀರಿಗೆ. ಒಲೆಯ ಮೇಲೆ ಈ ಶಾಖ ಹಿಡಿದಿಡುವುದು ಕಷ್ಟ. ಥರ್ಮಾಸ್ ಫ್ಲಾಸ್ಕನ್ನು ಮೊದಲು ಬಿಸಿನೀರಿನಿಂದ ಕಾಯಿಸಿ ಚೆಲ್ಲಿ, ಅಳತೆ ಮಾಡಿದ 52 ಡಿಗ್ರಿಯ ನೀರು ತುಂಬಿ, ಬೀಜವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಹತ್ತು ನಿಮಿಷ ಶಾಖ ನಿಲ್ಲುತ್ತದೆ. ಥರ್ಮಾಮೀಟರ್ ಇಲ್ಲದೆ ಕೈಯ ಅಂದಾಜಿನಲ್ಲಿ ಮಾಡಬೇಡಿ. ನಾಲ್ಕು ಡಿಗ್ರಿ ಹೆಚ್ಚಾದರೆ ಭ್ರೂಣಕ್ಕೇ ಅಪಾಯ.

ಕೂಡಲೇ ಬಿತ್ತಲಾಗದಿದ್ದರೆ ಬೀಜದ ಮೈನೀರು ಆರುವಷ್ಟು ಹೊತ್ತು ಮಾತ್ರ ನೆರಳಿನಲ್ಲಿ ಹರಡಿ, ಗಾಳಿಯಾಡದ ಪಾಲಿಥೀನ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಎರಡು ಮೂರು ತಿಂಗಳು ನಿಲ್ಲುತ್ತದೆ. ಫ್ರೀಜರಿನಲ್ಲಿ ಇಡಕೂಡದು. ಕಿನ್ನೊ ಕಿತ್ತಳೆ ಪೇಟೆಗೆ ಬರುವುದು ಚಳಿಗಾಲದಲ್ಲಿ. ಡಿಸೆಂಬರ್‌ನ ಬೆಂಗಳೂರಿನ ರಾತ್ರಿಯಲ್ಲಿ ಬಿತ್ತಿ ಒಂದೂವರೆ ತಿಂಗಳು ಕಾಯುವುದಕ್ಕಿಂತ ಫೆಬ್ರುವರಿ ಕೊನೆಯವರೆಗೆ ತಂಪಿನಲ್ಲಿಟ್ಟು ಬಿತ್ತುವುದು ಜಾಣತನ. ಮೊಳಕೆಗೆ ಬೇಕಾದ ಶಾಖ 25ರಿಂದ 30 ಡಿಗ್ರಿ.

ಸಿಪ್ಪೆ ಸುಲಿದು ಬಿತ್ತಿದರೆ ಮೊಳಕೆ ಬಲು ಬೇಗ. ಸಿಪ್ಪೆಯೊಂದಿಗೆ ಮೂರು ನಾಲ್ಕು ವಾರ ಹಿಡಿಯುವುದು, ಸುಲಿದರೆ ಒಂದೆರಡು ವಾರಕ್ಕೆ ಬರುತ್ತದೆ. ಬೀಜದ ಚೂಪು ತುದಿಯಲ್ಲಿ ಬೇರಿದೆ, ಅದನ್ನು ಮುಟ್ಟಬಾರದು. ದುಂಡನೆಯ ತುದಿಯಲ್ಲಿ ನೇಲ್ ಕಟರಿನಿಂದ ಸಿಪ್ಪೆಯಷ್ಟನ್ನೇ ಚಿವುಟಿ, ಅಲ್ಲಿಂದ ಸುಲಿಯುತ್ತಾ ಬರಬೇಕು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಟಿಶ್ಯೂ ಕಾಗದದಲ್ಲಿ ಮಡಿಚಿ, ಜಿಪ್ ಚೀಲದಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿಡಿ. ಎರಡು ದಿನಕ್ಕೊಮ್ಮೆ ತೆರೆದು ನೋಡಿ. ಕಾಗದದಿಂದ ನೀರು ತೊಟ್ಟಿಕ್ಕುವಂತಿದ್ದರೆ ಬೀಜ ಕೊಳೆಯುತ್ತದೆ. ಬೇರು ಒಂದು ಸೆಂಟಿಮೀಟರ್ ಆದ ಕೂಡಲೇ ಕುಂಡಕ್ಕೆ ಇಳಿಸಿ. ಮೂರು ಸೆಂಟಿಮೀಟರ್ ಬೆಳೆಯಲು ಬಿಟ್ಟರೆ ಬೇರು ಕಾಗದದೊಳಗೆ ಸುತ್ತಿಕೊಂಡು, ನೆಡುವಾಗ ಕೊಕ್ಕೆಯಂತೆ ಬಾಗುತ್ತದೆ. ಕೊಕ್ಕೆ ಬೇರಿನ ಗಿಡ ಎರಡು ವರ್ಷ ಚೆನ್ನಾಗಿಯೇ ಕಾಣುತ್ತದೆ, ನೆಲಕ್ಕೆ ಹೋದ ಮೇಲೆ ಕುಂಟುತ್ತದೆ. ಅಂಥದ್ದನ್ನು ಆರಂಭದಲ್ಲೇ ತೆಗೆದುಹಾಕುವುದು ಲೇಸು.

ಕೆಲವೊಮ್ಮೆ ಮೊಳಕೆ ಹಾಲಿನಂತೆ ಬೆಳ್ಳಗೆ ಬರುತ್ತದೆ, ಹಸಿರೇ ಇರುವುದಿಲ್ಲ. ಇದನ್ನು ಗೊಬ್ಬರದ ಕೊರತೆ ಎಂದುಕೊಂಡು ಏನೇನೋ ಹಾಕುವವರಿದ್ದಾರೆ. ಹೆಚ್ಚಾಗಿ ಇದು ಬೀಜದ ಸಿಪ್ಪೆಯಲ್ಲಿ ಬೆಳೆದ ಆಸ್ಪರ್ಜಿಲಸ್ ಬೂಷ್ಟಿನ ವಿಷದ ಪರಿಣಾಮ. ಪೂರ್ತಿ ಬಿಳಿಯಾದ ಸಸಿ ಬೀಜದಲ್ಲಿದ್ದ ಆಹಾರ ಮುಗಿದ ಮೇಲೆ ಸಾಯುತ್ತದೆ. ಲೋಳೆ ತೊಳೆದು ಸಿಪ್ಪೆ ಸುಲಿದ ಬೀಜದಲ್ಲಿ ಈ ತೊಂದರೆ ಅಪರೂಪ.

ಕುಂಡ ಅಗಲಕ್ಕಿಂತ ಆಳವಾಗಿರಲಿ. ತಾಯಿಬೇರು ನೇರ ಇಳಿಯುತ್ತದೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಕತ್ತು ಕತ್ತರಿಸಿ, ತಳದಲ್ಲಿ ಐದಾರು ತೂತು ಹಾಕಿ, ಬೆಳಕು ಬೀಳದಂತೆ ಕಪ್ಪು ಕಾಗದ ಸುತ್ತಿದರೆ ಮೊದಲ ವರ್ಷಕ್ಕೆ ಸಾಕು. ಮಿಶ್ರಣಕ್ಕೆ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ. ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ ಎರಡು ಸಲ ನೀರು ಬಸಿದು ಚೆಲ್ಲಬೇಕು. ಅದರಲ್ಲಿರುವ ಉಪ್ಪು ಎಳೆಬೇರನ್ನು ಸುಡುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ಅದರ ಹುಡಿಯೆಲ್ಲ ಹೋಗುವಂತೆ ತೊಳೆಯಿರಿ, ಇಲ್ಲದಿದ್ದರೆ ಕುಂಡದೊಳಗೆ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಕೆಮ್ಮಣ್ಣನ್ನು ಕುಂಡಕ್ಕೆ ತುಂಬುವುದೇ ಬೇಡ. ಬೀಜವನ್ನು ಒಂದು ಸೆಂಟಿಮೀಟರ್ ಆಳದಲ್ಲಿ, ಬೇರು ಕೆಳಕ್ಕೆ ಬರುವಂತೆ ಇಡಿ.

ಮೊದಲ ಎರಡು ತಿಂಗಳಲ್ಲಿ ಸಸಿ ಸಾಯುವುದು ಹೆಚ್ಚಾಗಿ ನೀರು ಹೆಚ್ಚಾಗಿ. ನಿನ್ನೆ ನೆಟ್ಟಗಿದ್ದ ಸಸಿ ಇಂದು ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿ ಬಿದ್ದಿದ್ದರೆ ಅದು ಬುಡ ಕೊಳೆ. ಬಿದ್ದದ್ದು ಉಳಿಯದು. ಉಳಿದವನ್ನು ಕಾಪಾಡಲು ನೀರು ನಿಲ್ಲಿಸಿ, ಗಾಳಿಯಾಡುವಲ್ಲಿಡಿ. ಮೇಲ್ಪದರ ಬೆರಳಿಗೆ ಒಣಗಿದ್ದು ತಿಳಿದ ಮೇಲಷ್ಟೇ ನೀರು. ಮಿಶ್ರಣಕ್ಕೆ ಮೊದಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸೇರಿಸಿದ್ದರೆ ಈ ಹಾನಿ ತಗ್ಗುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಳೆ ಸಸಿಗಳನ್ನು ಮಾಡಿನ ಕೆಳಗೇ ಇಡಬೇಕು.

ನಾಲ್ಕು ಎಲೆ ಬಂದ ಮೇಲೆ ಗೊಬ್ಬರ: ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ಒಂದು ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಎಲೆ ಹಳದಿಯಾದರೆ ಯಾವ ಎಲೆ ಎಂದು ಮೊದಲು ನೋಡಿ. ಹಳೆಯ ಎಲೆಗಳು ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಯಲ್ಲಿ ತೊಟ್ಟಿನ ಬಳಿ ಮಾತ್ರ ಹಸಿರು ಉಳಿದು ಅಂಚು ಹಳದಿಯಾದರೆ ಮೆಗ್ನೀಷಿಯಂ. ಹೊಸ ಚಿಗುರಿನ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಿದ್ದರೆ ಕಬ್ಬಿಣ. ಹೊಸ ಎಲೆ ಚಿಕ್ಕದಾಗಿ, ಚೂಪಾಗಿ, ನರಗಳ ನಡುವೆ ಹಳದಿ ಮಚ್ಚೆ ಬಂದರೆ ಸತು. ಬೋರ್‌ವೆಲ್ ನೀರು ಹಾಕುವ ಊರುಗಳಲ್ಲಿ ಕೊನೆಯ ಎರಡೇ ಹೆಚ್ಚು. ನೀರಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡಿ, ಇರುವ ಕಬ್ಬಿಣವನ್ನೂ ಬೇರಿಗೆ ಸಿಗದಂತೆ ಮಾಡುತ್ತದೆ. ಅಂಥಲ್ಲಿ ಇಡಿಟಿಎ ಎಂಬ ರಾಸಾಯನಿಕದಲ್ಲಿ ಬಂಧಿಸಿದ ರೂಪದ ಕಬ್ಬಿಣ ಹಾಕಿ ಫಲ ಕಾಣದೆ ಬೇಸರಪಡುವವರು ಬಹಳ. ಕ್ಷಾರ ಮಣ್ಣಿನಲ್ಲಿ ಆ ಬಂಧ ಬಿಟ್ಟುಹೋಗುತ್ತದೆ, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ. ಸತುವಿಗೆ ಒಂದು ಲೀಟರ್ ನೀರಿಗೆ 2 ಗ್ರಾಂ ಜಿಂಕ್ ಸಲ್ಫೇಟ್, 1 ಗ್ರಾಂ ಸುಣ್ಣ ಕಲಸಿ, ಸೋಸಿ, ಸಂಜೆ ಎಲೆಗೆ ಸಿಂಪಡಿಸಿ. ಮಳೆನೀರು ಹಿಡಿದಿಟ್ಟುಕೊಳ್ಳುವ ಅನುಕೂಲವಿದ್ದರೆ ಈ ತಾಪತ್ರಯಗಳಲ್ಲಿ ಅರ್ಧ ಇರುವುದಿಲ್ಲ.

ಕೀಟಗಳಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳು ಒಂದೇ ರಾತ್ರಿಯಲ್ಲಿ ಎಳೆ ಸಸಿಯನ್ನು ಬೋಳು ಮಾಡುತ್ತದೆ. ಕೈಯಿಂದ ಆರಿಸಿದರೆ ಸಾಕು, ಔಷಧಿ ಬೇಡ. ಚಿಗುರೆಲೆಯಲ್ಲಿ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳು ಕಂಡರೆ ಎಲೆ ಕೀಳಬೇಡಿ. ಅರ್ಧ ಎಲೆಯೂ ಸಸಿಗೆ ಅನ್ನವೇ. ಮುಂದಿನ ಚಿಗುರು ಒಡೆಯುವಾಗ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ವಾರಕ್ಕೊಮ್ಮೆ ಸಿಂಪಡಿಸಿ. ಮಳೆಗಾಲದಲ್ಲಿ ಕಾಗ್ಜಿ ನಿಂಬೆಗೂ ಅದರ ಮಿಶ್ರತಳಿಗಳಿಗೂ ಕಜ್ಜಿ ರೋಗ ಬರುವುದು ಹೆಚ್ಚು. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ತಡೆಗಟ್ಟಲು ನೆರವಾಗುತ್ತದೆ, ಬಂದ ಕಲೆಯನ್ನು ಅಳಿಸುವುದಿಲ್ಲ.

ಈಗ ಮಿಶ್ರತಳಿಯ ಮಾತು. ಕಿತ್ತಳೆಯ ನೂರು ಸಸಿ ಎಬ್ಬಿಸಿದರೆ ತೊಂಬತ್ತರಷ್ಟು ಒಂದೇ ಅಚ್ಚಿನಲ್ಲಿರುತ್ತವೆ ಎಂದಿಟ್ಟುಕೊಳ್ಳಿ. ಉಳಿದವು ಕುಳ್ಳಗೋ, ಅತಿ ಎತ್ತರವೋ, ಎಲೆ ಬೇರೆಯೋ ಆಗಿರುತ್ತವೆ. ತಾಯಿಯಂಥ ಗಿಡ ಬೇಕಾದ ನರ್ಸರಿಯವರು ಈ ಬೇರೆಯಾದವನ್ನು ಕಿತ್ತು ಹಾಕುವುದು ಸರಿಯಾದ ಕ್ರಮ. ಆದರೆ ಹೊಸದು ಬೇಕೆನ್ನುವವರು ಅಚ್ಚಿನಂತಿರುವ ತೊಂಬತ್ತನ್ನು ಬಿಟ್ಟು ಆ ಹತ್ತನ್ನು ಉಳಿಸಬೇಕು. ಕೂಡಿಕೆಯಿಂದ ಬಂದ ಭ್ರೂಣ ಬೀಜದ ಚೂಪು ತುದಿಯಲ್ಲಿ ಇರುತ್ತದೆ. ಸುತ್ತಲಿನ ಪಡಿಯಚ್ಚುಗಳು ಜಾಗವನ್ನೂ ಆಹಾರವನ್ನೂ ಕಸಿದುಕೊಳ್ಳುವುದರಿಂದ ಅನೇಕ ಸಲ ಅದೇ ಬಡವಾಗುತ್ತದೆ. ಒಂದು ಬೀಜದಿಂದ ಮೂರು ಸಸಿ ಬಂದಾಗ ದಪ್ಪಗಿರುವುದನ್ನು ಉಳಿಸಿ ಸಣ್ಣವನ್ನು ಚಿವುಟುವ ಅಭ್ಯಾಸವಿದೆ. ಚಿವುಟಿ ಹೋದದ್ದೇ ಹೊಸ ತಳಿ ಆಗಿರಬಹುದು. ಮೂರು ನಾಲ್ಕು ಎಲೆ ಬಂದ ಮೇಲೆ ಮಣ್ಣುಗಡ್ಡೆ ಸಮೇತ ನೀರಿನ ಬಟ್ಟಲಿನಲ್ಲಿ ಅಲ್ಲಾಡಿಸಿ ಬೇರು ಬಿಡಿಸಿ, ಪ್ರತಿಯೊಂದನ್ನೂ ಬೇರೆ ಕುಂಡಕ್ಕೆ ಹಾಕಿ, ‘ಬೀಜ 7 ಅ, 7 ಆ, 7 ಇ’ ಎಂದು ಚೀಟಿ ಕಟ್ಟಿ. ಸೀಸದ ಕಡ್ಡಿಯಲ್ಲಿ ಬರೆದದ್ದು ಪೆನ್ನಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಗುರುತಿಗೆ ಎಲೆತೊಟ್ಟು ನೋಡಿ. ಚಕ್ಕೋತದ ತೊಟ್ಟಿಗೆ ಅಗಲವಾದ ರೆಕ್ಕೆ, ಕಿತ್ತಳೆಗೆ ಸಣ್ಣ ಗೆರೆಯಷ್ಟು, ಮಾದಲಕ್ಕೆ ರೆಕ್ಕೆಯೇ ಇಲ್ಲ. ಕಿತ್ತಳೆ ತಾಯಿಯ ಬೀಜದ ಸಸಿಯಲ್ಲಿ ರೆಕ್ಕೆ ಅಗಲವಾಗಿದ್ದರೆ ತಂದೆ ಚಕ್ಕೋತವೆಂದು ಊಹಿಸಬಹುದು. ಎಲೆ ಹಿಸುಕಿ ಮೂಸಿದರೂ ಗೊತ್ತಾಗುತ್ತದೆ, ಕಿತ್ತಳೆ ಎಲೆಯ ಘಮ ಬೇರೆ, ನಿಂಬೆಯದು ಬೇರೆ. ಅಮೆರಿಕದಲ್ಲಿ 1909ರ ಸುಮಾರಿಗೆ ವಾಷಿಂಗ್ಟನ್ ನೇವಲ್ ಕಿತ್ತಳೆಗೆ ಮೂರೆಲೆಯ ಕಾಡು ಕಿತ್ತಳೆಯ ಪರಾಗ ಹಾಕಿ ಟ್ರಾಯರ್, ಕರಿಝೊ ಎಂಬ ಬೇರುಸಸಿಗಳನ್ನು (ಕಸಿಗೆ ಬುಡವಾಗುವ ಸಸಿಗಳನ್ನು) ಪಡೆದಾಗ ಕೆಲಸ ಸುಲಭವಾದದ್ದು ಇಂಥದ್ದೇ ಗುರುತಿನಿಂದ. ಮೂರೆಲೆ ಕಂಡರೆ ಮಿಶ್ರ, ಒಂಟಿ ಎಲೆ ಕಂಡರೆ ತಾಯಿಯ ಪಡಿಯಚ್ಚು. ಎಲೆ ದಪ್ಪವಾಗಿ, ದುಂಡಗಾಗಿ, ಕಡುಹಸಿರಾಗಿ ನಿಧಾನಕ್ಕೆ ಬೆಳೆಯುವ ಸಸಿ ಒಮ್ಮೊಮ್ಮೆ ಸಿಗುತ್ತದೆ. ಅದು ಮಿಶ್ರವೇ ಆಗಿರಬೇಕೆಂದಿಲ್ಲ, ವರ್ಣತಂತುಗಳು ದುಪ್ಪಟ್ಟಾದ ಪಡಿಯಚ್ಚೂ ಆಗಿರಬಹುದು. ಅದನ್ನೂ ಉಳಿಸಿ.

ಬೇಕೆಂದೇ ಕೂಡಿಸುವುದಾದರೆ ಚಕ್ಕೋತವನ್ನು ತಾಯಿಯಾಗಿ, ಕಿತ್ತಳೆಯನ್ನು ತಂದೆಯಾಗಿ ಆರಿಸುವುದು ಮನೆಯವರಿಗೆ ಅತಿ ಸುಲಭ. ಹೂ ದೊಡ್ಡದು, ಬೀಜ ಹಲವು, ಎಲ್ಲವೂ ಮಿಶ್ರವೇ. ಹಿಂದಿನ ದಿನ ಕಿತ್ತಳೆಯ ಬಿರಿಯಲಿರುವ ಮೊಗ್ಗುಗಳಿಂದ ಪರಾಗಕೋಶ ಬಿಡಿಸಿ ಕಾಗದದ ಮೇಲೆ ನೆರಳಿನಲ್ಲಿ ಹರಡಿ. ಮರುದಿನಕ್ಕೆ ಒಡೆದು ಹಳದಿ ಹುಡಿ ಉದುರುತ್ತದೆ. ಚಕ್ಕೋತದಲ್ಲಿ ನಾಳೆ ಅರಳಲಿರುವ, ಬೆಳ್ಳಗೆ ಉಬ್ಬಿದ ಮೊಗ್ಗನ್ನು ಆರಿಸಿ. ಎಲೆಗಳ ಜೊತೆ ಬಂದ ಹೂವಿನಲ್ಲಿ ಕಾಯಿ ನಿಲ್ಲುವುದು ಹೆಚ್ಚು, ಎಲೆಯಿಲ್ಲದ ಬರಿ ಗೊಂಚಲು ಹೆಚ್ಚಾಗಿ ಉದುರುತ್ತದೆ. ದಳ ಬಿಡಿಸಿ, ಕೇಸರಗಳನ್ನೆಲ್ಲ ಚಿಮುಟದಿಂದ ತೆಗೆದು, ನಡುವಿನ ಶಲಾಕಾಗ್ರ (ಹೂವಿನ ಹೆಣ್ಣುಭಾಗದ ತುದಿ) ಅಂಟುಅಂಟಾಗಿ ಹೊಳೆಯುತ್ತಿದ್ದರೆ ಆಗಲೇ, ಇಲ್ಲದಿದ್ದರೆ ಮರುದಿನ ಬೆಳಗ್ಗೆ ಪರಾಗ ಹಚ್ಚಿ. ಚಕ್ಕೋತ ತನ್ನ ಪರಾಗವನ್ನು ಒಪ್ಪದಿದ್ದರೂ ಜೇನು ಬೇರೆ ಗಿಡದ್ದನ್ನು ತರುತ್ತದೆ, ಆದ್ದರಿಂದ ಬೆಣ್ಣೆ ಕಾಗದದ ಚೀಲ ಕಟ್ಟಲೇಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹೂ ಬೇಯುತ್ತದೆ. ಮರುದಿನ ಇನ್ನೊಮ್ಮೆ ಪರಾಗ ಹಚ್ಚಿ, ವಾರ ಹತ್ತು ದಿನದ ಮೇಲೆ ಚೀಲ ತೆಗೆದು, ತಾಯಿ, ತಂದೆ, ದಿನಾಂಕ ಬರೆದ ಚೀಟಿ ಕಟ್ಟಿ. ನಿಂಬೆ ಜಾತಿಯಲ್ಲಿ ಅರಳಿದ ಹೂಗಳಲ್ಲಿ ಬಹುಪಾಲು ಉದುರುವುದೇ ಸಹಜ. ಇಪ್ಪತ್ತು ಹೂವಿಗೆ ಮಾಡಿದರೆ ಒಂದೆರಡು ನಿಂತರೂ ಗೆದ್ದಂತೆ. ಒಂದೇ ಹಣ್ಣಿನಲ್ಲಿ ಹತ್ತಾರು ಬೀಜ ಸಿಗುತ್ತವೆ.

ಮುಂದಿನದು ಕಾಯುವ ಕೆಲಸ. ಬೀಜದ ಕಾಗ್ಜಿ ನಿಂಬೆ ಮೂರು ನಾಲ್ಕು ವರ್ಷಕ್ಕೆ ಹೂ ಬಿಟ್ಟೀತು, ಕಿತ್ತಳೆಗೆ ಐದಾರು ಏಳು ವರ್ಷ, ಚಕ್ಕೋತ ಮತ್ತು ಅದರ ಮಿಶ್ರಗಳಿಗೆ ಹತ್ತು ವರ್ಷವೂ ಆಗಬಹುದು. ಅಲ್ಲಿಯವರೆಗೆ ಗಿಡ ಎಳಸು, ಮೈತುಂಬ ಮುಳ್ಳು. ‘ಕಸಿ ಕಟ್ಟಿದರೆ ಬೇಗ ಹಣ್ಣು’ ಎಂಬುದು ಹಣ್ಣು ಬಿಟ್ಟ ಮರದ ಕಣ್ಣು ತಂದಾಗ ಮಾತ್ರ ನಿಜ. ಎಳಸು ಸಸಿಯ ಕಣ್ಣು ಎಲ್ಲಿ ಕಟ್ಟಿದರೂ ಎಳಸೇ. ಆದರೂ ಬಲವಾದ ಜಂಬೀರಿ ಅಥವಾ ರಂಗಪುರದ ಬೇರಿನ ಮೇಲೆ, ಸಸಿಯ ತೀರಾ ಮೇಲಿನ ಕಣ್ಣು ತೆಗೆದು ಕಟ್ಟಿದರೆ ಬೆಳವಣಿಗೆ ಚುರುಕಾಗಿ ಸ್ವಲ್ಪ ಸಮಯ ಉಳಿಯುತ್ತದೆ. ಗಿಡ ಇಷ್ಟು ಗಿಣ್ಣು ಬೆಳೆದ ಮೇಲೆಯೇ ಹೂವಿಗೆ ಪಕ್ವವಾಗುತ್ತದೆ, ಆ ಪಕ್ವತೆ ತುದಿಯಲ್ಲೇ ಮೊದಲು ಬರುತ್ತದೆ. ಪೊದೆಯಾಗಲಿ ಎಂದು ಪ್ರತಿ ವರ್ಷ ತುದಿ ಕತ್ತರಿಸುವವರು ಆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರೆ. ಕೋಲು ಕೊಟ್ಟು ಒಂದೇ ಕಾಂಡವನ್ನು ಮೇಲಕ್ಕೆ ಬಿಡಿ. ಮುಳ್ಳು ಚುಚ್ಚುತ್ತದೆಂದು ಬುಡದವನ್ನು ತೆಗೆಯಬಹುದು, ತುದಿ ಮುಟ್ಟಬೇಡಿ.

ಪಂಜಾಬಿನಿಂದ ನಮ್ಮ ಪೇಟೆಗೆ ಬರುವ ಕಿನ್ನೊ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಎಚ್.ಬಿ. ಫ್ರಾಸ್ಟ್ ಎಂಬ ವಿಜ್ಞಾನಿ ‘ಕಿಂಗ್’ ಕಿತ್ತಳೆಯನ್ನೂ ‘ವಿಲೋ ಲೀಫ್’ ಕಿತ್ತಳೆಯನ್ನೂ ಕೂಡಿಸಿದ್ದು 1915ರಲ್ಲಿ, ತಳಿ ಬಿಡುಗಡೆಯಾದದ್ದು 1935ರಲ್ಲಿ. ತಾಯಿ ಕಿಂಗ್ ಒಂಟಿ ಭ್ರೂಣದ್ದು. ಮಗಳು ಕಿನ್ನೊ ಹಲವು ಭ್ರೂಣದ್ದು. ಅಂದರೆ ಹಲವು ಭ್ರೂಣದ ಗುಣ ತಂದೆಯಿಂದಲೂ ಇಳಿಯುತ್ತದೆ. ನಿಮ್ಮ ಚಕ್ಕೋತ–ಕಿತ್ತಳೆ ಮಿಶ್ರಗಳಲ್ಲಿ ಕೆಲವು ಮುಂದೆ ಬೀಜದಿಂದಲೇ ತಮ್ಮಂಥವನ್ನು ಹುಟ್ಟಿಸಬಲ್ಲವು. ಪೇಟೆಯ ಕಿನ್ನೊ ಬೀಜ ನೆಟ್ಟರೂ ಹೆಚ್ಚಿನವು ಕಿನ್ನೊವೇ ಆಗುತ್ತವೆ.

ವಿದೇಶದಲ್ಲಿರುವ ಮಕ್ಕಳು ಯೂಝು, ಕುಂಕ್ವಾಟ್‌ನಂಥ ಹೊರದೇಶದ ನಿಂಬೆ ಜಾತಿಯ ಬೀಜಗಳನ್ನು ಜೇಬಿನಲ್ಲಿ ತಂದುಕೊಡುವುದು ಈಗ ರೂಢಿಯಾಗುತ್ತಿದೆ. 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ ತರುವಂತಿಲ್ಲ. ಕಡ್ಡಿ, ಸಸಿಗಳ ಮೂಲಕವಂತೂ ಹೊಸ ರೋಗವೇ ಬಂದೀತು. ಕೊಡಗಿನ ಕಿತ್ತಳೆ ರೋಗಗಳಿಂದ ಎಷ್ಟು ನೊಂದಿದೆ ಎಂದು ಬಲ್ಲವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ತೋಟಗಾರಿಕೆ ಇಲಾಖೆಗೂ ನರ್ಸರಿಗಳಿಗೂ ತಮ್ಮ ಪತ್ರಿಕೆಯ ಮೂಲಕ ನಮ್ಮದೊಂದು ಕೋರಿಕೆ. ನಿಂಬೆ ಜಾತಿಯ ಪ್ರತಿ ಗಿಡಕ್ಕೂ ಕಟ್ಟುವ ಚೀಟಿಯಲ್ಲಿ ‘ನಿಂಬೆ’ ಎಂದಷ್ಟೇ ಬರೆಯದೆ, ಬೀಜದ ಸಸಿಯೋ ಕಸಿಯೋ, ಕಸಿಯಾದರೆ ಯಾವ ಬೇರುಸಸಿ, ತಾಯಿಮರ ಯಾವ ಊರಿನದು ಎಂದು ನಮೂದಿಸಲಿ. ಹೇರಳೆ, ಕಂಚಿ, ಮಾದಲದ ಹಳೆಯ ಮರ ಹಿತ್ತಿಲಲ್ಲಿ ಇರುವವರು ಈ ಹಂಗಾಮಿನ ಹಣ್ಣಿನಿಂದ ಹತ್ತು ಬೀಜ ಸುಲಿದು ನೋಡಲಿ, ತುಣುಕಾಗುವಂಥದ್ದಾದರೆ ಇಪ್ಪತ್ತನ್ನಾದರೂ ಬಿತ್ತಲಿ. ಗೊಜ್ಜಿಗೆ ಹಣ್ಣು ಹಿಂಡುವಾಗ ಹೇಗೂ ಬೀಜ ಜರಡಿಯಲ್ಲಿ ಉಳಿದಿರುತ್ತದೆ.

ಇಂತಿ,
ನಿಂಬೆ ಜಾತಿಯ ಗಿಡ ಬೆಳೆಸುವ ಓದುಗರು,
ಸೋಮವಾರಪೇಟೆ, ಕೊಡಗು